ನದಿ ದಂಡೆಯಲ್ಲಿ ಊರಿನ ಶಾಲೆ: ಮಂಗಳೂರಿನಲ್ಲಿ ಯಾವ ಜಾಗ ಆರಿಸಬೇಕು?

"ಸರ್, ಊರಿಗೊಂದು ಶಾಲೆ ಕಟ್ಟಬೇಕು ಅಂತ ಇದ್ದೇವೆ. ನೀರಿನ ಹತ್ತಿರ ಮೂರು ನಾಲ್ಕು ಜಾಗ ಉಂಟು. ಯಾವುದು ತಗೊಳ್ಳುವುದು?"

ಈ ವರ್ಷ ಮೂರು ಬೇರೆ ಬೇರೆ ಸಮಿತಿಯವರು ನನ್ನನ್ನು ಹೀಗೆ ಕೇಳಿದರು. ಮೂರೂ ಮಂಗಳೂರಿನವೇ. ಇಲ್ಲಿ ನೇತ್ರಾವತಿ ಒಂದು ಕಡೆಯಿಂದ, ಫಲ್ಗುಣಿ ಇನ್ನೊಂದು ಕಡೆಯಿಂದ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ನಗರದ ದಕ್ಷಿಣಕ್ಕೂ ಪಶ್ಚಿಮಕ್ಕೂ ನೀರೇ ಗಡಿ. ಹಳೆ ಹಂಚಿನ ಕಾರ್ಖಾನೆ, ಗೋದಾಮು, ಬೋಟು ಕಟ್ಟುವ ಜಾಗ ಎಲ್ಲ ಆ ಗಡಿಯಲ್ಲೇ ಸಾಲಾಗಿ ಇವೆ. ಅವುಗಳಲ್ಲಿ ಒಂದೊಂದೇ ಈಗ ಖಾಲಿ ಆಗುತ್ತಿದೆ.

ಜಾಗ ತೋರಿಸಲು ಕರೆದುಕೊಂಡು ಹೋದವರೆಲ್ಲ ಮೊದಲು ತೋರಿಸಿದ್ದು ನೀರನ್ನು. ಚಂದ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಡದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಮೊದಲು ತಿರುಗಿ ನೋಡುವುದು ಗೇಟಿನ ಹೊರಗಿನ ದಾರಿಯನ್ನು. ಜುಲೈ ತಿಂಗಳ ಜೋರು ಮಳೆಯಲ್ಲಿ ಆರು ವರ್ಷದ ಮಗು ಮನೆಯಿಂದ ಆ ಗೇಟಿನ ತನಕ ಹೇಗೆ ಬರುತ್ತದೆ? ಇದಕ್ಕೆ ಸರಿಯಾದ ಉತ್ತರ ಸಿಗದ ಜಾಗ ಎಷ್ಟೇ ಚಂದ ಇದ್ದರೂ ಶಾಲೆಗೆ ಆಗುವುದಿಲ್ಲ.

ಜಾಗ ನೋಡುವ ಮೊದಲು

ದಾರಿಯಿಂದಲೇ ಶುರು ಮಾಡೋಣ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಮಾಡಿದ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆ 1 ಕಿಲೋಮೀಟರ್ ಒಳಗೆ ಇರಬೇಕು, 6ರಿಂದ 8ರವರಿಗೆ 3 ಕಿಲೋಮೀಟರ್ ಒಳಗೆ. ನಕ್ಷೆಯಲ್ಲಿ ವೃತ್ತ ಎಳೆದು ನೋಡಿದರೆ ಸಾಕು ಅನ್ನಿಸಬಹುದು. ನೀರಿನ ಪಕ್ಕದ ಜಾಗಕ್ಕೆ ಆ ವೃತ್ತ ಮೋಸ ಮಾಡುತ್ತದೆ. ಅರ್ಧ ವೃತ್ತ ನದಿಯ ಮೇಲೆ ಬೀಳುತ್ತದೆ, ಅಲ್ಲಿ ಮನೆಗಳೇ ಇಲ್ಲ. ಆಚೆ ದಡದ ಮನೆ ಕಣ್ಣಿಗೆ 400 ಮೀಟರ್, ಸೇತುವೆ ಸುತ್ತಿ ಬಂದರೆ ಎಷ್ಟೋ ಕಿಲೋಮೀಟರ್. ಆದ್ದರಿಂದ ಮಕ್ಕಳಿರುವ ಮನೆಗಳಿಂದ ನಿಜವಾಗಿ ನಡೆದು ನೋಡಿ. ತೋಡು (ಸಣ್ಣ ಹಳ್ಳ) ದಾಟುವ ಕಡೆ ಹಿಡಿದುಕೊಳ್ಳಲು ಕಂಬಿ ಇದೆಯಾ, ರಸ್ತೆ ಬದಿಯಲ್ಲಿ ಕಾಲಿಡಲು ಜಾಗ ಇದೆಯಾ ಅಂತ ಬರೆದುಕೊಳ್ಳಿ.

ಎರಡನೆಯದು ನೀರಿನ ಮಟ್ಟ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ದೊಡ್ಡದೇನಲ್ಲ, ಒಂದೂವರೆ ಮೀಟರ್ ಆಸುಪಾಸು. ಆದರೆ ಅಷ್ಟೇ ಸಾಕು. ಹುಣ್ಣಿಮೆ ಅಮಾವಾಸ್ಯೆಯ ಉಬ್ಬರ, ಘಟ್ಟದ ಮಳೆಯಿಂದ ತುಂಬಿದ ನದಿ, ಊರ ಮೇಲೆ ಬೀಳುವ ಮಳೆ, ಮೂರೂ ಒಂದೇ ಗಂಟೆಯಲ್ಲಿ ಕೂಡಿದಾಗ ನೀರು ಎಲ್ಲಿ ತನಕ ಬರುತ್ತದೆ ಅನ್ನುವುದೇ ನಿಮ್ಮ ಲೆಕ್ಕದ ಶೂನ್ಯ ಗೆರೆ.

ಇದನ್ನು ನಾನು ಕಣ್ಣಾರೆ ನೋಡಿದ್ದು ನೇತ್ರಾವತಿ ಕಡೆಯ ಒಂದು ತೋಡಿನಲ್ಲಿ. ಜೂನ್ ಕೊನೆಯ ಒಂದು ಬೆಳಗ್ಗೆ, ಮಳೆ ಸ್ವಲ್ಪ ಬಿಟ್ಟಿತ್ತು. ನೀರಿನ ಮೇಲೆ ಒಂದು ತೆಂಗಿನ ಗೆರಟೆ ನದಿಯ ಕಡೆ ತೇಲಿ ಹೋಗುತ್ತಿತ್ತು. ನೋಡುತ್ತಾ ಇದ್ದ ಹಾಗೆ ಅದು ನಿಧಾನ ಆಯಿತು, ನಿಂತಿತು, ಒಂದು ಸುತ್ತು ತಿರುಗಿತು. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಊರ ಕಡೆ ತೇಲಲು ಶುರು ಮಾಡಿತು. ಉಬ್ಬರ ಏರಿತ್ತು. ಇನ್ನು ನಾಲ್ಕೈದು ಗಂಟೆ ಆ ತೋಡು ಊರಿನ ಮಳೆನೀರನ್ನು ಹೊರಗೆ ಬಿಡುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಮೋಡ ಒಡೆದರೆ ಅಷ್ಟೂ ನೀರು ನಿಲ್ಲುವುದು ತೋಡಿನ ಪಕ್ಕದ ತಗ್ಗು ಜಾಗದಲ್ಲಿ. ಅಲ್ಲೇ ಒಬ್ಬರು ನನಗೆ ಶಾಲೆಯ ಆಟದ ಮೈದಾನ ತೋರಿಸಿದ್ದರು.

ಹಳಬರನ್ನು ಕೇಳಿ. 1923ರ ನೇತ್ರಾವತಿ ನೆರೆಯನ್ನು ಈ ಕಡೆ ಈಗಲೂ 'ಮಾರಿ ಬೊಳ್ಳ' ಅಂತಾರೆ. 1974ರ ನೆರೆ ನೋಡಿದವರು ಇನ್ನೂ ಇದ್ದಾರೆ. "ನಿಮ್ಮ ಮನೆ ಮೆಟ್ಟಿಲಲ್ಲಿ ಎಷ್ಟನೇದರ ತನಕ ಬಂದಿತ್ತು ಅಜ್ಜಿ?" ಅಂತ ಕೇಳಿದರೆ ಸಿಗುವ ಉತ್ತರವನ್ನು ಸರ್ವೆಯವರಿಂದ ಲೆವೆಲ್ ಹಿಡಿಸಿ ಅಳೆಯಿರಿ. ತರಗತಿಯ ನೆಲ ಅದಕ್ಕಿಂತ ಮೇಲೆ ಇರಲೇಬೇಕು.

ಮೂರನೆಯದು ಕಾನೂನು. ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲಿ ಸಿಆರ್‌ಝಡ್. ಇದು ಕಡಲಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಉಬ್ಬರದ ಉಪ್ಪುನೀರು ಏರುವ ತನಕ ನದಿ ದಂಡೆಗೂ ಇದು ಅನ್ವಯ. 2019ರ ಅಧಿಸೂಚನೆಯಲ್ಲಿ ಕಡಲ ಬದಿಗೆ ಉಬ್ಬರದ ಗೆರೆಯಿಂದ 500 ಮೀಟರ್, ಇಂಥ ನದಿ ಬದಿಗೆ 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅದು. ಈಗಾಗಲೇ ಬೆಳೆದ ನಗರ ಭಾಗದಲ್ಲಿ ಶಾಲೆ ಕಟ್ಟಬಹುದು, ಆದರೆ ಮೊದಲಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ ಮಾತ್ರ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿ ದಂಡೆಗೆ ನಡಿಗೆ ಪಥ ಬಂತಲ್ಲ, ಇನ್ನು ಅದರ ಒಳಗಿನ ಜಾಗದಲ್ಲಿ ಕಟ್ಟಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಬದಿಗೆ ಹೊಸದಾಗಿ ದಾರಿ ಮಾಡಿದ ಮಾತ್ರಕ್ಕೆ ಆ ಅವಕಾಶ ಸಿಗುವುದಿಲ್ಲ. ಸರ್ವೆ ನಂಬರ್ ಹಿಡಿದುಕೊಂಡು ಅಧಿಕೃತ ಸಿಆರ್‌ಝಡ್ ನಕ್ಷೆಯಲ್ಲಿ ನಿಮ್ಮ ಜಾಗ ಎಲ್ಲಿ ಬೀಳುತ್ತದೆ ಅಂತ ಬರಹದಲ್ಲಿ ತಗೊಳ್ಳಿ.

ಉಳಿದವು ಮಣ್ಣು, ಅಕ್ಕಪಕ್ಕ, ಉಪ್ಪು ಗಾಳಿ. ಇವು ಜಾಗದಿಂದ ಜಾಗಕ್ಕೆ ತುಂಬ ಬದಲಾಗುತ್ತವೆ, ಅಲ್ಲಲ್ಲೇ ಹೇಳುತ್ತೇನೆ.

ಹಳೆ ಹಂಚಿನ ಕಾರ್ಖಾನೆಯ ಜಾಗ

ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ ದಂಡೆಯ ಉದ್ದಕ್ಕೂ ಬೋಳಾರ, ಹೊಯ್ಗೆಬಜಾರ್ ಕಡೆ ಕಾರ್ಖಾನೆಗಳು ಎದ್ದವು. ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಹೋಗುತ್ತಿತ್ತು. ಈಗ ಹೆಚ್ಚಿನವು ಮುಚ್ಚಿವೆ.

ಶಾಲೆಗೆ ಈ ಜಾಗದ ದೊಡ್ಡ ಗುಣ ವಿಸ್ತಾರ. ನಗರದೊಳಗೆ ಮೈದಾನ ಸಿಗುವ ಜಾಗ ಬೇರೆ ಕಡೆ ಎಲ್ಲಿದೆ? ಸುತ್ತ ಮನೆಗಳಿವೆ, ಮಕ್ಕಳು ನಡೆದು ಬರಬಹುದು. ನದಿ ದಕ್ಷಿಣಕ್ಕೆ ಇರುವುದರಿಂದ ಕಟ್ಟಡವನ್ನು ಪೂರ್ವ ಪಶ್ಚಿಮ ಉದ್ದಕ್ಕೆ ಹಾಕಿದರೆ ಕಿಟಕಿಗಳು ಉತ್ತರ ದಕ್ಷಿಣಕ್ಕೆ ಬರುತ್ತವೆ. ಮಧ್ಯಾಹ್ನದ ಗಾಳಿಯೂ ಸಿಗುತ್ತದೆ, ನೀರಿನ ಮೇಲಿಂದ ಬರುವ ಸಂಜೆ ಬಿಸಿಲಿನ ಹೊಳಪು ಕಪ್ಪುಹಲಗೆಗೆ ಬಡಿಯುವುದಿಲ್ಲ.

ತೊಂದರೆ ಕಾಲಡಿಯಲ್ಲಿ. ಎಷ್ಟೋ ವರ್ಷ ಒಡೆದ ಹಂಚು, ಬೂದಿ, ಸುಟ್ಟ ಮಣ್ಣು ತುಂಬಿದ ನೆಲ ಮೇಲೆ ಗಟ್ಟಿ ಕಾಣುತ್ತದೆ. ಕೆಳಗೆ ನದಿಯ ಕೆಸರು ಇರಬಹುದು. ಮಣ್ಣಿನ ಪರೀಕ್ಷೆ ಮಾಡುವಾಗ ದಯವಿಟ್ಟು ಸಮಿತಿಯವರೇ ಪಕ್ಕದಲ್ಲಿ ನಿಂತು ನೋಡಿ, ಅರ್ಥ ಆಗದ್ದೇನೂ ಇಲ್ಲ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಮೇಲಿಂದ ಬಿಡುತ್ತಾರೆ. ಕೊಳವೆ ಮೊದಲ 15 ಸೆಂಟಿಮೀಟರ್ ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ 30 ಸೆಂಟಿಮೀಟರಿಗೆ ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಕೆಸರಿನಲ್ಲಿ ಎರಡು ಮೂರು ಪೆಟ್ಟಿಗೇ ಇಳಿದುಬಿಡುತ್ತದೆ. ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಕ್ಕಿದರೆ 50 ಪೆಟ್ಟಿಗೂ ಜಗ್ಗುವುದಿಲ್ಲ. ಆ ಸದ್ದಿನಲ್ಲೇ ನಿಮ್ಮ ಬಜೆಟ್ ಗೊತ್ತಾಗುತ್ತದೆ. ಕೆಸರು ಆಳವಾಗಿದ್ದರೆ ಪೈಲ್, ಅಂದರೆ ಗಟ್ಟಿ ನೆಲದ ತನಕ ಇಳಿಸುವ ಕಂಬ, ಹಾಕಬೇಕು, ಆಗ ನಾಲ್ಕು ಕೋಣೆಯ ದುಡ್ಡು ಮಣ್ಣಿನೊಳಗೇ ಹೋಗಬಹುದು.

ಇದಕ್ಕೊಂದು ದಾರಿ ಇದೆ. ಜಾಗ ದೊಡ್ಡದಿದ್ದರೆ ಅದು ಪೂರ್ತಿ ಒಂದೇ ಥರ ಇರುವುದಿಲ್ಲ. ರಸ್ತೆ ಬದಿಯ ಏರು ಭಾಗದಲ್ಲಿ ಕಟ್ಟಡ ಇಟ್ಟು, ನದಿ ಬದಿಯ ತಗ್ಗನ್ನು ಮೈದಾನಕ್ಕೆ ಬಿಡಿ. ವರ್ಷಕ್ಕೆ ಎರಡು ದಿನ ಮೈದಾನದಲ್ಲಿ ನೀರು ನಿಂತರೆ ಇಳಿದು ಹೋಗುತ್ತದೆ, ಕೋಣೆಗೆ ನುಗ್ಗಿದರೆ ಶಾಲೆಯೇ ನಿಲ್ಲುತ್ತದೆ. ಮಣ್ಣು ತುಂಬಿಸಿ ಇಡೀ ಜಾಗ ಎತ್ತರ ಮಾಡುವ ಆಸೆ ಬೇಡ. ನೀವು ತಡೆದ ನೀರು ಪಕ್ಕದ ಮನೆಗೆ ಹೋಗುತ್ತದೆ, ಆ ಮನೆಯ ಮಕ್ಕಳೇ ಅಲ್ವಾ ನಿಮ್ಮ ಶಾಲೆಗೆ ಬರುವವರು?

ಬಂದರಿನ ಹಳೆ ಗೋದಾಮು

1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬರುವ ತನಕ ಮಂಗಳೂರಿನ ಹಡಗು ವ್ಯಾಪಾರವೆಲ್ಲ ಫಲ್ಗುಣಿ ದಂಡೆಯ ಈ ಹಳೆ ಬಂದರಿನಲ್ಲೇ. ದಪ್ಪ ಗೋಡೆ, ಎತ್ತರದ ಮರದ ಮಾಡು, ಹಂಚು. ಇಂಥದ್ದನ್ನು ದುರಸ್ತಿ ಮಾಡಿ ಶಾಲೆ ಮಾಡುವ ಯೋಚನೆ ನನಗೂ ಇಷ್ಟ. ಕಟ್ಟಡ ಸಿದ್ಧ ಇರುವುದರಿಂದ ಬೇಗ ಶುರು ಮಾಡಬಹುದು, ಸಿಆರ್‌ಝಡ್ ತಲೆನೋವೂ ಹೊಸ ಕಟ್ಟಡಕ್ಕಿಂತ ಕಡಿಮೆ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇದು ದೊಡ್ಡ ಆಕರ್ಷಣೆ.

ಆದರೆ ಯಾವ ತಿಂಗಳಲ್ಲಿ ಹೋಗಿ ನೋಡಿದಿರಿ? ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಸಾಲಾಗಿ ನಿಂತಿರುತ್ತವೆ, ರಸ್ತೆ ಖಾಲಿ. ಒಂದು ಸಮಿತಿಯವರು ಜುಲೈಯಲ್ಲಿ ನೋಡಿ ಒಪ್ಪಿಕೊಂಡಿದ್ದರು. ನಾನು ಅವರನ್ನು ಸೆಪ್ಟೆಂಬರ್‌ನಲ್ಲಿ ಬೆಳಗ್ಗೆ ಎಂಟೂವರೆಗೆ ಅದೇ ಗೇಟಿಗೆ ಕರೆದುಕೊಂಡು ಹೋದೆ. ಮೀನಿನ ಲಾರಿ, ಐಸ್ ತುಂಬಿದ ಟೆಂಪೋ, ಕೈಗಾಡಿ, ಜಾರುವ ನೆಲ. ನಾವು ನಾಲ್ಕು ಜನ ದೊಡ್ಡವರೇ ರಸ್ತೆ ದಾಟಲು ಕಾಯಬೇಕಾಯಿತು. ಅವರಲ್ಲೊಬ್ಬರು ಏನೂ ಹೇಳಲಿಲ್ಲ, ಮಗಳ ಕೈ ಹಿಡಿಯುವ ಹಾಗೆ ತಮ್ಮ ಬ್ಯಾಗನ್ನು ಎದೆಗೆ ಹಿಡಿದು ನಿಂತಿದ್ದರು.

ಇನ್ನೊಂದು ಸಂಗತಿ ಐಸ್ ಪ್ಲಾಂಟ್. ಮಂಜುಗಡ್ಡೆ ಮಾಡುವ ಕಡೆ ಸಾಮಾನ್ಯವಾಗಿ ಅಮೋನಿಯ ಬಳಸುತ್ತಾರೆ. ಸೋರಿದರೆ ಕಣ್ಣು, ಗಂಟಲು ಉರಿಯುತ್ತದೆ, ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಗಾಳಿ ಬರುವ ದಿಕ್ಕಿನಲ್ಲಿ ಹತ್ತಿರವೇ ಐಸ್ ಪ್ಲಾಂಟ್ ಇದ್ದರೆ ಆ ಗೋದಾಮನ್ನು ನಾನು ಶಾಲೆಗೆ ಒಪ್ಪುವುದೇ ಇಲ್ಲ. ಇಲ್ಲಿ ರಾಜಿ ಬೇಡ.

ಕಾಗದ ಪತ್ರವನ್ನೂ ನೋಡಿ. ಬಂದರು ಪ್ರದೇಶದಲ್ಲಿ ಸರಕಾರದ ಜಾಗ ಗುತ್ತಿಗೆಗೆ ಹಿಡಿದವರೂ ಇದ್ದಾರೆ. ಉಳಿದಿರುವ ಗುತ್ತಿಗೆ ಎಷ್ಟು ವರ್ಷ, ಶಾಲೆಗೆ ಬಳಸಲು ಅನುಮತಿ ಇದೆಯಾ ಅಂತ ಮೊದಲೇ ಕೇಳಬೇಕು. ಮಾಡಿಗೆ ಹಳೆ ಸಿಮೆಂಟ್ ಶೀಟ್ ಹಾಕಿದ್ದರೆ ಅದು ಆಸ್ಬೆಸ್ಟಾಸ್ ಇರಬಹುದು, ಒಡೆದು ತೆಗೆಯಬಾರದು, ಒದ್ದೆ ಮಾಡಿ ಇಡಿಯಾಗಿ ಇಳಿಸಬೇಕು.

ಚಿಕ್ಕ ಮಕ್ಕಳಿಗೆ ಬಂದರು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಧಕ್ಕೆಯ ಗದ್ದಲದಿಂದ ಎರಡು ಬೀದಿ ಒಳಗಿರುವ ಗೋದಾಮು ಸಿಕ್ಕಿದರೆ ಹೈಸ್ಕೂಲು ಮಕ್ಕಳಿಗೆ, ಸಂಜೆ ತರಗತಿಗೆ, ಬೋಟಿನ ಎಂಜಿನ್ ರಿಪೇರಿಯಂಥ ಕಸುಬು ಕಲಿಸಲು ಅದರಷ್ಟು ಒಳ್ಳೆ ಜಾಗ ಬೇರೆ ಇಲ್ಲ.

ಬೆಂಗ್ರೆ ಕಡೆಯ ಮರಳು ದಿಬ್ಬ

ಒಂದು ಬದಿ ಕಡಲು, ಇನ್ನೊಂದು ಬದಿ ಫಲ್ಗುಣಿ, ನಡುವೆ ಉದ್ದಕ್ಕೆ ಮರಳು. ಮೀನುಗಾರ ಕುಟುಂಬಗಳು ತಲೆಮಾರುಗಳಿಂದ ಅಲ್ಲೇ ಇವೆ. ಊರಿಗೆ ಹೋಗಲು ಫೆರಿ, ಇಲ್ಲವೇ ತಣ್ಣೀರುಬಾವಿ, ಕೂಳೂರು ಸುತ್ತಿ ರಸ್ತೆ. ಫೆರಿ ಕಾಯುತ್ತಿದ್ದ ಒಬ್ಬ ತಾಯಿ ನನಗೆ ಹೇಳಿದ್ದು ಇಷ್ಟೇ: "ಶಾಲೆ ಆಚೆ ಕಟ್ಟಿದರೆ ನಮ್ಮ ಮಕ್ಕಳು ಹೋಗುವುದು ಬೋಟಿನಲ್ಲೇ ಅಲ್ವಾ ಅಣ್ಣ? ಮಳೆಗೆ ಬೋಟು ನಿಂತರೆ ಎಂತ ಮಾಡುವುದು?"

ಇಲ್ಲಿ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. ನಗರದ ಬದಿಯ ಮಕ್ಕಳನ್ನು ದಿಬ್ಬಕ್ಕೆ ಕರೆದುಕೊಂಡು ಹೋಗುವ ಶಾಲೆಗೆ ಇದು ತಪ್ಪು ಜಾಗ. ದಿಬ್ಬದ ಮೇಲಿನ ಮಕ್ಕಳಿಗೇ ಹತ್ತಿರದ ತರಗತಿ ಕೊಡುವುದಾದರೆ ಇದೇ ಸರಿಯಾದ ಜಾಗ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅದು ನಿಂತ ನೀರು. ದಿನಾ ಎರಡು ಸಲ ಅಳಿವೆ ಹತ್ತಿರದ ಹರಿವ ನೀರನ್ನು ಚಿಕ್ಕ ಮಕ್ಕಳು ದಾಟಬೇಕಾದ ಯೋಜನೆಗೆ ನಾನು ಸಹಿ ಹಾಕುವುದಿಲ್ಲ.

ಮರಳಿನಲ್ಲಿ ಒಂದಂತಸ್ತಿನ ಕಟ್ಟಡಕ್ಕೆ ಪಾಯ ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ನೀರಿನಲ್ಲಿ. ದಿಬ್ಬದ ಕೆಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ಇರುತ್ತದೆ. ದೊಡ್ಡ ಪಂಪ್ ಇಟ್ಟು ಎಳೆದರೆ ಉಪ್ಪು ಮೇಲೆ ಬರುತ್ತದೆ. ಶೌಚಾಲಯದ ಇಂಗುಗುಂಡಿಯ ನೀರೂ ಮರಳಿನಲ್ಲಿ ಬೇಗ ಬಾವಿ ಸೇರುತ್ತದೆ. ಆದ್ದರಿಂದ ಬಾವಿ, ಗುಂಡಿ ಎಲ್ಲಿ ಅನ್ನುವುದನ್ನು ಕೋಣೆಗಳಿಗಿಂತ ಮೊದಲು ನಕ್ಷೆಯಲ್ಲಿ ಗುರುತು ಮಾಡಿ, ಮಾಡಿನ ಮಳೆನೀರು ಹಿಡಿಯಲು ಟ್ಯಾಂಕಿ ಇಡಿ. ಕಡಲ್ಕೊರೆತ ಉಳ್ಳಾಲದಲ್ಲಿ ಮನೆಗಳನ್ನೇ ತಗೊಂಡು ಹೋದದ್ದು ನಮಗೆಲ್ಲ ಗೊತ್ತು, ಕಟ್ಟಡ ನದಿ ಬದಿಗೇ ಇರಲಿ.

ಉಪ್ಪು ಗಾಳಿಯ ಮಾತು ಇಲ್ಲೇ ಹೇಳುತ್ತೇನೆ. ಕಡಲ ಹತ್ತಿರ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗುತ್ತಿಗೆದಾರರು ಸ್ಲ್ಯಾಬಿನ ಕಬ್ಬಿಣಕ್ಕೆ ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟ್ ಪದರ, ಕಡಿಮೆ ಕೊಟ್ಟಿದ್ದರು, ನಾನು ಎರಡು ದಿನ ಸೈಟಿನಲ್ಲಿ ಇರಲಿಲ್ಲ. ಒಂಬತ್ತನೇ ವರ್ಷ ಮೂರನೇ ತರಗತಿಯ ಸೀಲಿಂಗಿನಿಂದ ಅಂಗೈ ಅಗಲದ ಕಾಂಕ್ರೀಟ್ ಚೂರು ಬಿತ್ತು. ಭಾನುವಾರ ಆಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಒಳಗಿನ ಕಂಬಿ ತುಕ್ಕಿಗೆ ಊದಿ ಪದರ ಪದರವಾಗಿ ಎದ್ದಿತ್ತು, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದ್ದು ಇರಬೇಕು, ಕವರ್ 45 ಮಿಲಿಮೀಟರ್. ಕಡಲ ನೀರೇ ಎರಚುವ ಜಾಗವಾದರೆ ಎಂ35, 50 ಮಿಲಿಮೀಟರ್. ಸ್ಲ್ಯಾಬ್ ಹಾಕುವ ಹಿಂದಿನ ದಿನ ಸಮಿತಿಯವರು ಟೇಪ್ ಹಿಡಿದು ಅಳೆಯಿರಿ.

ಏರಿನ ಮುರಕಲ್ಲಿನ ಜಾಗ

ನದಿಯಿಂದ ಮುನ್ನೂರು ನಾನ್ನೂರು ಮೀಟರ್ ಒಳಗೆ, ಬೋಳಾರದಿಂದ ಜೆಪ್ಪು ಕಡೆ ಏರುವಲ್ಲಿ ಸಿಗುವಂಥದ್ದು. ನೆಲ ಗಟ್ಟಿ, ಪಾಯ ಅಗ್ಗ, ಸಿಆರ್‌ಝಡ್ ಇಲ್ಲ, ನೆರೆ ಇಲ್ಲ. ಜಾಗದ ಬೆಲೆ ಮಾತ್ರ ಜಾಸ್ತಿ, ಮೈದಾನ ಚಿಕ್ಕದು. ಇಳಿಜಾರಿನಲ್ಲಿ ಕಟ್ಟುವಾಗ ಗಾಲಿಕುರ್ಚಿಯ ಮಕ್ಕಳಿಗೆ ರ‍್ಯಾಂಪ್ 1:12ಕ್ಕಿಂತ ಕಡಿದಾಗಿ ಇರಬಾರದು, ಅಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ. ಅದಕ್ಕೆ ಬೇಕಾದ ಜಾಗವನ್ನು ಮೊದಲೇ ತೆಗೆದಿಡಿ. ಗುಡ್ಡೆ ಕಡಿದು ಸಮ ಮಾಡುವುದಾದರೆ ಹಿಂದಿನ ದರೆ ಮಳೆಗೆ ಜರಿಯದ ಹಾಗೆ ನೋಡಿಕೊಳ್ಳಬೇಕು.

ನೀರು ಕಾಣುವುದಿಲ್ಲವಲ್ಲ ಅಂತ ಬೇಸರ ಮಾಡಿಕೊಂಡವರಿದ್ದಾರೆ. ಹತ್ತು ನಿಮಿಷದ ನಡಿಗೆಯಲ್ಲಿ ನದಿ ಇದೆ. ವಾರಕ್ಕೊಂದು ದಿನ ಟೀಚರ್ ಜೊತೆ ಹೋಗಿ ಉಬ್ಬರ ಅಳೆದು ಬರುವ ಮಗು, ದಿನಾ ಕಿಟಕಿಯಿಂದ ನೋಡುವ ಮಗುವಿಗಿಂತ ಕಡಿಮೆ ಕಲಿಯುವುದಿಲ್ಲ.

ನಡುವೆ ಕೆಲವರು ಫೋನಿನಲ್ಲಿ ತೇಲುವ ಶಾಲೆಯ ಚಿತ್ರ ತೋರಿಸುತ್ತಾರೆ. ನೈಜೀರಿಯಾದ ಲಾಗೋಸ್‌ನಲ್ಲಿ ಮಕೋಕೋ ಎಂಬ ಕಡೆ 2013ರಲ್ಲಿ ಅಂಥದ್ದು ಕಟ್ಟಿದ್ದರು. ಜಗತ್ತೇ ಹೊಗಳಿತು. 2016ರ ಜೂನ್‌ನ ಮಳೆಗೆ ಕುಸಿದು ಬಿತ್ತು. ನಮ್ಮ ಜೂನ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ಯಾರಿಗೆ ಯಾವುದು

ನಿಮ್ಮದು ಒಂದರಿಂದ ಐದನೇ ತರಗತಿಯ ಚಿಕ್ಕ ಶಾಲೆ, ಹಣ ಕಡಿಮೆ ಅಂತಾದರೆ ಏರಿನ ಜಾಗಕ್ಕೇ ಹೋಗಿ. ಜಾಗಕ್ಕೆ ಕೊಟ್ಟ ಹೆಚ್ಚಿನ ಹಣದಲ್ಲಿ ಒಂದು ಪಾಲು ಪಾಯದಲ್ಲೂ ಮುಂದಿನ ರಿಪೇರಿಯಲ್ಲೂ ಉಳಿಯುತ್ತದೆ. ಮೈದಾನಕ್ಕೆ ಹತ್ತಿರದ ಯಾವುದಾದರೂ ಸಾರ್ವಜನಿಕ ಮೈದಾನದ ಜೊತೆ ಒಪ್ಪಂದ ಮಾಡಿಕೊಳ್ಳಿ.

ಹತ್ತನೇ ತರಗತಿ ತನಕ ಬೆಳೆಯುವ ಶಾಲೆ, ದಾನಿಗಳಿದ್ದಾರೆ, ಎರಡು ಮೂರು ವರ್ಷ ಕಾಯಬಲ್ಲಿರಿ ಅಂತಾದರೆ ಹಂಚಿನ ಕಾರ್ಖಾನೆಯ ಜಾಗ. ನನ್ನ ಮನಸ್ಸು ವಾಲುವುದು ಇದರ ಕಡೆ. ಸಂಜೆ ಊರಿನವರೂ ಬಳಸುವ ಮೈದಾನ, ನೆರೆ ಬಂದಾಗ ಅಕ್ಕಪಕ್ಕದವರಿಗೆ ಆಸರೆ ಆಗುವ ಮೇಲಂತಸ್ತು, ಎರಡೂ ಇಲ್ಲಿ ಸಾಧ್ಯ. ಷರತ್ತು ಒಂದೇ, ಏರು ಬದಿಗೆ ಇನ್ನೊಂದು ಗೇಟು ಇರಲೇಬೇಕು. ಜಪಾನಿನ ಓಕಾವಾ ಶಾಲೆ ನದಿ ದಂಡೆಯಲ್ಲಿತ್ತು, ಹಿಂದೆಯೇ ಗುಡ್ಡ ಇತ್ತು. 2011ರ ಮಾರ್ಚ್ 11ರ ಸುನಾಮಿ ತೀರಾ ಹತ್ತಿರ ಬರುವ ತನಕ ಮಕ್ಕಳು ಅಂಗಳದಲ್ಲೇ ಕಾದರು. 74 ಮಕ್ಕಳು, 10 ಶಿಕ್ಷಕರು ಹೋದರು. ನಮ್ಮಲ್ಲಿ ಬರುವುದು ಸುನಾಮಿಗಿಂತ ನಿಧಾನದ ನೀರು. ಆದರೂ ಮೇಲೆ ಹೋಗುವ ದಾರಿ ಯಾವುದು, ಯಾರು ಹೊರಡಿ ಅನ್ನಬೇಕು ಅನ್ನುವುದು ಮೊದಲ ದಿನವೇ ಗೋಡೆಯ ಮೇಲೆ ಬರೆದಿರಲಿ.

ಬೆಂಗ್ರೆಯವರು ತಮ್ಮ ಮಕ್ಕಳಿಗಾಗಿ ಕೇಳಿದರೆ ಬೆಂಗ್ರೆಯಲ್ಲೇ, ಚಿಕ್ಕದಾಗಿ, ಒಂದಂತಸ್ತಿನಲ್ಲಿ, ಚಿಕ್ಕ ತರಗತಿಗಳಿಗೆ. ಗೋದಾಮು ದೊಡ್ಡ ಮಕ್ಕಳಿಗೆ ಮಾತ್ರ.

ಎರಡು ಜಾಗ ಸರಿಸಮ ಅನ್ನಿಸಿದರೆ ಹೀಗೆ ಮಾಡಿ. ನವಮಂಗಳೂರು ಬಂದರಿನ ಉಬ್ಬರದ ಪಟ್ಟಿ ನೋಡಿ, ಜುಲೈಯ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಅತಿ ಎತ್ತರದ ಉಬ್ಬರದ ಗಂಟೆಗೆ ಎರಡೂ ಕಡೆ ಒಬ್ಬೊಬ್ಬರು ನಿಂತುಕೊಳ್ಳಿ. ಡಿಸಿ ಮಳೆಗೆ ರಜೆ ಕೊಟ್ಟ ದಿನವಾದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಒಂದು ಕೋಲು, ಒಂದು ಟೇಪ್. ನೀರು ಎಲ್ಲಿ ತನಕ ಬಂತು, ಎಷ್ಟು ಹೊತ್ತು ನಿಂತಿತು, ಗೇಟಿನ ಮುಂದೆ ಎಷ್ಟು ಆಳ ಅಂತ ಬರೆದುಕೊಳ್ಳಿ. ಆಮೇಲೆ ಸೆಪ್ಟೆಂಬರ್‌ನಲ್ಲಿ ಒಂದು ಶಾಲಾ ದಿನ ಬೆಳಗ್ಗೆ, ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮತ್ತೆ ಹೋಗಿ. ಬಾವಿ ನೀರು ಉಪ್ಪಾಗುತ್ತದಾ ಅಂತ ಏಪ್ರಿಲ್‌ನಲ್ಲಿ ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಈ ಮೂರು ಭೇಟಿ, ಮಣ್ಣಿನ ವರದಿ, ಸಿಆರ್‌ಝಡ್ ಪತ್ರ ಕೈಗೆ ಬರುವ ತನಕ ಯಾರು ಎಷ್ಟೇ ಅವಸರ ಮಾಡಿದರೂ ಅಡ್ವಾನ್ಸ್ ಕೊಡಬೇಡಿ.